ಈಶಾನ್ಯದ ಗೋಡೆಯೊಳಗಿನ ಗಂಟು

ಗೋಡೆಯೊಳಗೆ ಹೋದ ತಂತಿಯನ್ನು ಆಮೇಲೆ ಯಾರೂ ನೋಡುವುದಿಲ್ಲ. ನಮ್ಮ ಕಸುಬಿನಲ್ಲಿ ಯಾವ ಮೋಸ ನಡೆದರೂ ಈ ಒಂದು ಧೈರ್ಯದ ಮೇಲೆಯೇ ನಡೆಯುತ್ತದೆ. ಮೇಲೆ ಬಣ್ಣ ಬಳಿದು, ಅದರ ಮೇಲೊಂದು ಪಟ ನೇತುಹಾಕಿದರೆ ಮುಗಿಯಿತು.

ಹದಿನಾಲ್ಕು ತಿಂಗಳು ನಾನು ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆಯುತ್ತ ಬದುಕಿದೆ. ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದ ನಮ್ಮ ಮನೆಯ ಮುಂದೆ ವ್ಯಾನಿನ ಮೇಲೆ ಏಣಿ ಕಟ್ಟುವಾಗ ಅವರನ್ನು ನೆನೆಯುತ್ತಿದ್ದೆ. ಫ್ರೀವೇಯಲ್ಲಿ ಗಾಡಿಗಳ ಸಾಲು ನಿಂತುಬಿಟ್ಟಾಗ ನೆನೆಯುತ್ತಿದ್ದೆ. ನನಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಯಾವ ಮನೆಯಲ್ಲಿ ನನ್ನ ಮರ್ಯಾದೆ ತೆಗೆದರೋ ಅದೇ ಮನೆಯಲ್ಲಿ, ಅದೇ ಜನರ ಎದುರು, ಅದೇ ಬಾಯಿಂದ ‘ತಪ್ಪು ಇವರದ್ದಲ್ಲ’ ಎಂದು ಅವರು ಹೇಳಬೇಕು. ಅಷ್ಟೇ. ನಮ್ಮಜ್ಜಿಗೆ ಸಿಟ್ಟು ಬಂದರೆ ಮಾತು ನಿಂತು ಕೆಲಸ ಬಿರುಸಾಗುತ್ತಿತ್ತು. ಮಂಡ್ಯದ ಕಡೆಯ ಆ ಮುದುಕಿಯಿಂದ ನನಗೆ ಮಾತೂ ಬಂದಿದೆ, ಆ ಸಿಟ್ಟೂ ಬಂದಿದೆ.

ಆ ಮನುಷ್ಯ ಒಂದು ಆಡಿಯೋ ಶೋರೂಮಿನ ಯಜಮಾನರು. ಬೆಂಗಳೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ಮೆದು, ಅಂಗಿ ಇಸ್ತ್ರಿ. ಸ್ಪೀಕರು, ಆಂಪ್ಲಿಫೈಯರು ಮಾರುವುದು ಅವರು. ಗೋಡೆಯೊಳಗೆ, ಅಟ್ಟದೊಳಗೆ, ನೆಲದಡಿಯಲ್ಲಿ ತೆವಳಿ ತಂತಿ ಎಳೆಯುವುದು ನಾನು. ಅವರು ಕೆಲಸ ಕೊಡಿಸಿದ ಮನೆಗಳಲ್ಲಿ ಒಂದು ಲಾಸ್ ಗ್ಯಾಟೋಸ್‌ನ ಇಳಿಜಾರಿನಲ್ಲಿತ್ತು. ಹಳೆಯ ಮನೆ, ಒಳಗೆಲ್ಲ ಕಿತ್ತು ಹೊಸದಾಗಿ ಕಟ್ಟುತ್ತಿದ್ದರು. ಮನೆಯೊಡತಿ ಹಾಸನದವಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಅವಳ ಜೊತೆ ಅವಳ ಅತ್ತೆ ಇದ್ದರು. ಆ ಅಮ್ಮನದೇ ಒಂದು ಗುಂಪು. ಪ್ರತಿ ಶುಕ್ರವಾರ ಬೆಳಿಗ್ಗೆ ಸುತ್ತಲಿನ ಕನ್ನಡದ ಹೆಂಗಸರು ಸೇರಿ ದೇವರನಾಮ ಕಲಿಯುತ್ತಾರೆ. ಮೈಸೂರಿನ ಮೇಷ್ಟರೊಬ್ಬರು ಪಾಠವನ್ನು ರೆಕಾರ್ಡು ಮಾಡಿ ಕಳಿಸುತ್ತಾರೆ. ಅದನ್ನು ಹಾಕಿಕೊಂಡು ಇವರು ಜೊತೆಗೆ ಹಾಡಬೇಕು. ಅದಕ್ಕೆಂದೇ ಮನೆಯ ಹಿಂದಿನ ಹಳೇ ಗರಾಜನ್ನು ಹಾಲ್ ಮಾಡಿ, ಎರಡು ದೊಡ್ಡ ಸ್ಪೀಕರ್ ಇಡುವುದೆಂದು ತೀರ್ಮಾನವಾಗಿತ್ತು.

ಆಂಪ್ಲಿಫೈಯರಿಗೆ ಗೊತ್ತುಮಾಡಿದ್ದ ಜಾಗ ಮನೆಯ ಈಶಾನ್ಯ ಮೂಲೆಯ ಕ್ಲಾಸೆಟ್ಟು, ಸಾಮಾನಿಡುವ ಪುಟ್ಟ ಕೋಣೆ. ಅಲ್ಲಿಂದ ಹಾಲಿಗೆ ಅಳೆದರೆ ಅರವತ್ತೆರಡು ಅಡಿ. ಉದ್ದ ಜಾಸ್ತಿಯಾದಷ್ಟೂ ತಂತಿ ದಪ್ಪ ಬೇಕು ಎಂಬುದನ್ನು ಮನೆಯೊಡತಿಗೆ ನಾನು ತೋಟದ ನೀರಿನ ಪೈಪು ತೋರಿಸಿ ಹೇಳಿದ್ದೆ. ಉದ್ದನೆಯ ಸಣ್ಣ ಪೈಪಿನಲ್ಲಿ ಆ ತುದಿಗೆ ಹೋಗುವಷ್ಟರಲ್ಲಿ ನೀರಿಗೆ ಒತ್ತಡವೇ ಇರುವುದಿಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಸುಲಭದ್ದು: ಹೋಗಿ ಬರುವ ಎರಡೂ ಎಳೆ ಸೇರಿ ತಂತಿಯ ತಡೆ ಸ್ಪೀಕರಿನ ತಡೆಯ ಇಪ್ಪತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಅವರ ಸ್ಪೀಕರು ನಾಲ್ಕು ಓಮ್‌ನದು. ಅಂದರೆ ತಂತಿಗೆ ಸಿಗುವುದು ಬರೀ ಸೊನ್ನೆ ಪಾಯಿಂಟ್ ಎರಡು. ಹನ್ನೆರಡು ಗೇಜಿನ ಅಪ್ಪಟ ತಾಮ್ರ ಅರವತ್ತೆರಡು ಅಡಿಗೆ ಸರಿಯಾಗಿ ಅಷ್ಟಕ್ಕೇ ನಿಲ್ಲುತ್ತದೆ. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ. ಹದಿನಾರಾದರೆ ತೀರ ಸಣ್ಣ. ಗೋಡೆಯೊಳಗೆ ಹೋಗಲು ಅನುಮತಿ ಇರುವ ಕವಚದ್ದೇ ಆರಿಸಿ, ಒಂದೇ ಎಳೆಯಾಗಿ ಎಳೆದೆ. ನಡುವೆ ಎಲ್ಲೂ ಗಂಟಿಲ್ಲ.

ನನ್ನದೊಂದು ಅಭ್ಯಾಸವಿದೆ. ಎಳೆದ ಪ್ರತಿ ತಂತಿಯ ಎರಡು ತುದಿಗೂ ಬಿಳಿ ಟೇಪು ಸುತ್ತಿ ಉದ್ದ, ಗೇಜು, ಜಾಗ ಬರೆಯುತ್ತೇನೆ. ಕನ್ನಡ ಅಂಕಿಯಲ್ಲಿ. ಅಜ್ಜಿ ಕಲಿಸಿದ ಅಂಕಿ, ಕೈಗೆ ಅದೇ ಮೊದಲು ಬರುತ್ತದೆ. ಇನ್ನೊಬ್ಬರ ತಂತಿಯ ಜೊತೆ ಕಲೆಸಿಹೋಗುವುದೂ ಇಲ್ಲ. ‘೬೨ ಅಡಿ, ೧೨ ಗೇಜ್, ಹಾಲ್ ಎಡ’ ಎಂದು ಹಾಲಿನ ತುದಿಗೆ ಬರೆದೆ, ಅದನ್ನೇ ಕ್ಲಾಸೆಟ್ಟಿನ ತುದಿಗೂ ಬರೆದೆ.

ಅರ್ಧ ಮನೆಗೆ ಡ್ರೈವಾಲ್, ಅಂದರೆ ಗೋಡೆಯ ಜಿಪ್ಸಮ್ ಹಲಗೆ, ಹೊಡೆದಾಗಿತ್ತು. ಆಗ ಹಾಸನದಿಂದ ಒಬ್ಬ ವಾಸ್ತುವಿನವರು ವಿಡಿಯೋ ಕಾಲಿನಲ್ಲಿ ಮನೆ ನೋಡಿದರು. ಸೊಸೆ ಫೋನು ಹಿಡಿದು ಮೂಲೆಮೂಲೆ ತೋರಿಸುತ್ತ ನಡೆದಳು, ಅಮ್ಮ ಹಿಂದೆ ಹಿಂದೆ. ಈಶಾನ್ಯ ದೇವರ ಜಾಗ, ಅಲ್ಲಿ ಬೆಂಕಿ ಇಡಕೂಡದು, ಬೆಂಕಿ ಏನಿದ್ದರೂ ಆಗ್ನೇಯಕ್ಕೆ ಎಂದು ಅವರ ತೀರ್ಪು. ಆಂಪ್ಲಿಫೈಯರು ಬೆಂಕಿ ಹೇಗಾಗುತ್ತದೆ ಎಂದು ಸೊಸೆ ವಾದ ಹೂಡಿದಳು. ಪರೀಕ್ಷೆಗೆಂದು ನಾನು ಓಡಿಸಿಟ್ಟಿದ್ದ ಅದರ ಮೇಲೆ ಅಮ್ಮ ಅಂಗೈ ಊರಿ ನನ್ನನ್ನು ನೋಡಿದರು.

‘ಬಿಸಿ ಐತಲ್ಲವ್ವ?’

‘ಇರುತ್ತಮ್ಮ.’

‘ಬಿಸಿ ಇದ್ಮೇಲೆ ಬೆಂಕಿನೇ ಕಣೆ,’ ಎಂದು ಸೊಸೆಯ ಕಡೆ ತಿರುಗಿದರು. ಅಲ್ಲಿಗೆ ಮುಗಿಯಿತು.

ಮನೆಯವರ ಮನೆ, ಮನೆಯವರ ದಿಕ್ಕು. ನಾನು ನಗಲಿಲ್ಲ. ಆದರೆ ಆಗ್ನೇಯದ ಕ್ಲಾಸೆಟ್ಟಿಗೆ ಇನ್ನೂ ಐವತ್ತೈದು ಅಡಿ ಹೆಚ್ಚು. ಒಟ್ಟು ನೂರ ಹದಿನೇಳು. ಹನ್ನೆರಡು ಗೇಜು ಇನ್ನು ಸಾಲದು. ಅಂದೇ ಶೋರೂಮಿನ ಯಜಮಾನರಿಗೆ ಹೇಳಿದೆ: ಹೊಸದಾಗಿ ಹತ್ತು ಗೇಜಿನ ಒಂದೇ ಎಳೆ, ಆಗ್ನೇಯದಿಂದ ನೇರವಾಗಿ ಹಾಲಿಗೆ, ನನ್ನ ತಂತಿಯನ್ನು ಮುಟ್ಟುವುದು ಬೇಡ. ಅವರು ಒಪ್ಪಿದರು. ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿತ್ತು. ಅದನ್ನು ತಮ್ಮ ಕಡೆಯವರೇ ಎಳೆಯುತ್ತಾರೆ, ನಿಮ್ಮದು ಗೋಡೆಯೊಳಗೇ ಸುಮ್ಮನೆ ಬಿದ್ದಿರಲಿ, ನೀವು ಫ್ರೀಮಾಂಟಿನ ಇನ್ನೊಂದು ಮನೆಯ ಕೆಲಸ ನೋಡಿಕೊಳ್ಳಿ ಎಂದರು. ಹೋದೆ. ಆ ಹೋದದ್ದೇ ನನ್ನ ತಪ್ಪು. ಈಶಾನ್ಯದ ಕ್ಲಾಸೆಟ್ಟು ಆ ನಾಲ್ಕು ದಿನದಲ್ಲಿ ದೇವರ ಮನೆಯಾಯಿತು.

ಗೃಹಪ್ರವೇಶದ ದಿನ ಹಾಲಿನಲ್ಲಿ ಮಡಚುವ ಮೇಜುಗಳನ್ನು ಸಾಲಾಗಿ ಇಟ್ಟು, ಬಾಳೆ ಎಲೆಯ ಆಕಾರದ ಕಾಗದದ ಎಲೆ ಹಾಕಿ ಪಂಕ್ತಿ ಕೂರಿಸಿದ್ದರು. ಅಮ್ಮನ ಕೈಯ ಒಬ್ಬಟ್ಟು. ನನ್ನ ಎಲೆಗೂ ಬಿದ್ದಿತ್ತು. ಯಾರೋ ಪಾಠದ ರೆಕಾರ್ಡಿಂಗ್ ಹಾಕಿದರು. ದನಿ ಮಂಕಾಗಿತ್ತು. ಮೃದಂಗದ ಎಡಗೈ ಪೆಟ್ಟು ಬಿದ್ದ ಮೇಲೂ ಗುಂಯ್ ಎಂದು ಹರಡಿಕೊಳ್ಳುತ್ತಿತ್ತು. ಸ್ವಲ್ಪ ಜೋರು ಮಾಡಿದರು, ಎಡಗಡೆಯ ಸ್ಪೀಕರು ಕರಕರ ಎಂದಿತು, ಆಂಪ್ಲಿಫೈಯರು ಆಫ್ ಆಯಿತು. ಮತ್ತೆ ಆನ್ ಮಾಡಿದರು, ಮತ್ತೆ ಆಫ್. ಮನೆಯೊಡತಿ ಯಜಮಾನರ ಮುಖ ನೋಡಿದಳು. ಇಡೀ ಪಂಕ್ತಿ ನೋಡಿತು.

ಅವರು ಎದ್ದುಹೋಗಿ ಸ್ಪೀಕರಿನ ಹಿಂದೆ ಬಗ್ಗಿ, ಗೋಡೆಯ ಪ್ಲೇಟು ಬಿಚ್ಚಿ, ಒಳಗಿನ ತಂತಿಯ ತುದಿಯನ್ನು ಹೊರಗೆಳೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಬಿಳಿ ಟೇಪು. ನನ್ನ ಅಂಕಿ.

‘ಕೇಬಲ್ ಹಾಕಿದ್ದು ಇವರು. ಕನ್ನಡದಲ್ಲಿ ಬರೆದಿದಾರೆ ನೋಡಿ, ಇನ್ಯಾರು ಬರೀತಾರೆ ಇಲ್ಲಿ? ಹೆಣ್ಣುಮಗಳು, ಕಷ್ಟಪಡ್ತಾಳೆ ಅಂತ ಕನಿಕರಕ್ಕೆ ಕೆಲಸ ಕೊಟ್ಟೆ. ತಪ್ಪು ನಂದೇ ಬಿಡಿ.’

ಆ ತಂತಿ ಬಳಕೆಯಲ್ಲೇ ಇರಬಾರದಿತ್ತು. ಆದರೆ ಅಲ್ಲಿ ನೇತಾಡುತ್ತಿದ್ದದ್ದು ನನ್ನ ಕೈಬರಹವೇ. ಅಷ್ಟು ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಎಲೆಯ ಮೇಲಿನ ಒಬ್ಬಟ್ಟನ್ನು ಮುರಿದಿದ್ದೆ, ಬಾಯಿಗಿಟ್ಟಿರಲಿಲ್ಲ. ಪಂಕ್ತಿಯ ನಡುವೆ ಎಲೆ ಬಿಟ್ಟು ಎದ್ದೆ. ನಮ್ಮ ಕಡೆ ಯಾರೂ ಹಾಗೆ ಮಾಡುವುದಿಲ್ಲ, ಅದರಲ್ಲೂ ಗೃಹಪ್ರವೇಶದ ಮನೆಯಲ್ಲಿ. ನಾನು ಮಾಡಿದೆ.

ಆಮೇಲೆ ಯಾರೂ ನನಗೆ ಏನೂ ಅನ್ನಲಿಲ್ಲ. ಅದೇ ಕಷ್ಟ. ಕನ್ನಡದವರ ಫೋನಿನ ಗುಂಪಿನಲ್ಲಿ ಯಾರೂ ಬರೆಯಲಿಲ್ಲ, ಜಗಳಕ್ಕೂ ಬರಲಿಲ್ಲ; ಕೆಲಸಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಒಂದು ದಿನ ಗ್ರಾಸರಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಒಬ್ಬಾಕೆ ಬಹಳ ಪ್ರೀತಿಯಿಂದ ಕೇಳಿದರು, ‘ಇನ್ನೂ ಅದೇ ಕೆಲಸ ಮಾಡ್ತಿದೀರಾ?’ ನಾನು ಕೊತ್ತಂಬರಿ ಅಲ್ಲೇ ಬಿಟ್ಟು ಬಂದೆ. ಯಜಮಾನರು ನನ್ನ ಫೋನು ಎತ್ತುವುದನ್ನು ಬಿಟ್ಟರು. ಬೇರೆ ಜನರ ಕೆಲಸ, ಕ್ಯಾಮೆರಾ, ಇಂಟರ್ನೆಟ್ ತಂತಿ ಹಿಡಿದು ಹೇಗೋ ನಡೆಯಿತು. ಆದರೆ ಒಂದು ಹುಳ ಒಳಗೇ ಕೊರೆಯುತ್ತಿತ್ತು. ನಿಜವಾಗಿ ನನ್ನದೇ ತಪ್ಪಿದ್ದರೆ? ಡ್ರೈವಾಲಿನ ಸ್ಕ್ರೂ ನನ್ನ ತಂತಿಯೊಳಗೆ ಹೋಗಿದ್ದರೆ? ನನ್ನ ಸಿಟ್ಟಿಗೆ ಸರಿಯಾದ ಆಧಾರವಿದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ಹಲ್ಲು ಮಸೆಯುವುದು ಬಹಳ ಸುಸ್ತಿನ ಕೆಲಸ.

ಒಂದು ಭಾನುವಾರ ಆ ಅಮ್ಮನೇ ಫೋನು ಮಾಡಿದರು. ಆಂಪ್ಲಿಫೈಯರು ಈಗಲೂ ಆಗಾಗ ಕೈಕೊಡುತ್ತಿತ್ತಂತೆ. ಮೊದಲು ಯಜಮಾನರು ಹೆಬ್ಬೆರಳು ಗಾತ್ರದ ಕೇಬಲ್ ತಂದು ಹಾಕಿ, ಇದರಿಂದ ಸರಿಹೋಗುತ್ತದೆ ಎಂದಿದ್ದರು. ಹೋಗಲಿಲ್ಲ. ಈಗ ಆಂಪ್ಲಿಫೈಯರೇ ಚಿಕ್ಕದಾಯಿತು, ದೊಡ್ಡದು ಬೇಕು ಎನ್ನುತ್ತಿದ್ದರು. ಬರುವ ಶುಕ್ರವಾರ ಹನ್ನೊಂದಕ್ಕೆ ಹೊತ್ತು ತರುವವರಿದ್ದರು.

‘ಅದ್ಕಲ್ಲ ನಾನು ಕರ್ದಿದ್ದು,’ ಎಂದರು ಅಮ್ಮ. ‘ಮನೆ ತುಂಬ್ಸಿದ್ ದಿನ ನೀನು ಎಲೆ ಬಿಟ್ಟು ಎದ್ದೋದೆ. ನಿನ್ನೆಲೆ ನಾನೇ ಎತ್ತಿದ್ದು ಮಗ. ಒಬ್ಬಟ್ಟು ಮುರ್ದಿದ್ದು ಮುರ್ದಂಗೇ ಇತ್ತು. ಅವತ್ತಿಂದ ನನ್ಗೆ ಮನಸಿಗೆ ಸಮಾಧಾನ ಇಲ್ಲ. ಬಂದು ನೋಡು. ತಪ್ಪು ನಿಂದಾದ್ರೆ ನಿಂದು ಅನ್ನು.’

ಸೋಮವಾರ ಹೋದೆ. ಮೊದಲು ಆಗ್ನೇಯದ ಕ್ಲಾಸೆಟ್ಟು. ಆಂಪ್ಲಿಫೈಯರಿನ ಬೆನ್ನಿನಿಂದ ಗೋಡೆಯ ಪ್ಲೇಟಿನ ತನಕ ನಾಲ್ಕು ಅಡಿ ಹೆಬ್ಬೆರಳು ಗಾತ್ರದ ನೇಯ್ಗೆಯ ಕೇಬಲ್, ಹಾವಿನ ಹಾಗೆ ಹೊಳೆಯುತ್ತಿತ್ತು. ಹಾಲಿನ ಕಡೆ ಪ್ಲೇಟಿನಿಂದ ಎಡದ ಸ್ಪೀಕರಿಗೆ ಅಂಥದೇ ಇನ್ನೊಂದು ನಾಲ್ಕು ಅಡಿ. ನಡುವೆ ಗೋಡೆಯೊಳಗಿನ ನೂರು ಚಿಲ್ಲರೆ ಅಡಿಗೆ ಏನಿದೆಯೆಂದು ಯಾರೂ ಕೇಳಿರಲಿಲ್ಲ. ಎರಡೂ ತುದಿಗೆ ಬಾವಿಯಷ್ಟು ಅಗಲದ ಪೈಪು ಜೋಡಿಸಿದರೆ ನಡುವಿನ ಸಣ್ಣ ಪೈಪು ಅಗಲವಾಗುತ್ತದೆಯೇ? ನನಗೆ ಅಂದು ಮೊದಲ ಸಲ ಸಿಟ್ಟಿನ ಜೊತೆ ನಗುವೂ ಬಂತು.

ಎರಡು ಕಡೆಯಿಂದಲೂ ಆ ಹಾವುಗಳನ್ನು ಬಿಚ್ಚಿದೆ. ಹಾಲಿನ ತುದಿಯಲ್ಲಿ ಎಡ ಸ್ಪೀಕರಿನ ಎರಡು ಎಳೆಗಳನ್ನು ಒಂದಕ್ಕೊಂದು ತಿರುಚಿ ಸೇರಿಸಿ, ಕ್ಲಾಸೆಟ್ಟಿಗೆ ಬಂದು ಮೀಟರು ಹಿಡಿದೆ. ಹೀಗೆ ಹಿಡಿದರೆ ಹೋಗಿ ಬರುವ ದಾರಿಯ ತಡೆ ಪೂರ್ತಿ ಸಿಗುತ್ತದೆ. ಮೀಟರಿನ ಕಡ್ಡಿಗಳದ್ದೇ ತಡೆ ಕಳೆದ ಮೇಲೆ ಉಳಿದದ್ದು ಒಂದೂಕಾಲು ಓಮ್. ನಾಲ್ಕು ಓಮ್‌ನ ಸ್ಪೀಕರಿಗೆ ಒಂದೂಕಾಲು ಓಮ್‌ನ ದಾರಿ. ಇರಬೇಕಾದ್ದಕ್ಕಿಂತ ಆರು ಪಟ್ಟು. ಯಾವ ಆಂಪ್ಲಿಫೈಯರು ತಂದಿಟ್ಟರೂ ಮೃದಂಗದ ಪೆಟ್ಟನ್ನು ಅದು ಬಿಗಿಯಾಗಿ ಹಿಡಿಯಲಾರದು.

ಆದರೆ ಹಾಲಿನ ಪ್ಲೇಟಿನ ಹಿಂದೆ ಇದ್ದದ್ದು ನನ್ನ ಟೇಪೇ. ಇದು ನನ್ನ ತಂತಿಯೇ. ಅಳತೆ ದೋಷವಿದೆ ಎಂದು ಹೇಳುತ್ತದೆಯೇ ಹೊರತು ಯಾರ ದೋಷ ಎಂದು ಹೇಳುವುದಿಲ್ಲ. ಹಾಲಿನ ನೆಲದ ಮೇಲೆ ಕುಳಿತು ಆ ಟೇಪನ್ನೇ ನೋಡುತ್ತಿದ್ದೆ. ‘೬೨’. ಸ್ವಲ್ಪ ಹೊತ್ತಾದ ಮೇಲೆ ತಲೆ ಓಡಿತು. ಅರವತ್ತೆರಡು ಅಡಿಯ ತಂತಿ ನೂರ ಹದಿನೇಳು ಅಡಿ ಹೇಗೆ ಹೋಯಿತು? ಎಡದ ತಂತಿಗೆ ನಾನು ಬರೆದದ್ದು ಎರಡು ಟೇಪು. ಒಂದನ್ನು ಆ ದಿನ ಅವರು ಎಲ್ಲರಿಗೂ ಎತ್ತಿ ತೋರಿಸಿದರು. ಇನ್ನೊಂದು ತುದಿ ಎಲ್ಲಿದೆ?

ಇನ್ನೊಂದು ತುದಿ ನಾನು ಬಿಟ್ಟಲ್ಲೇ ಇರಬೇಕು, ಈಶಾನ್ಯದ ಹಳೇ ಕ್ಲಾಸೆಟ್ಟಿನ ಗೋಡೆಯಲ್ಲಿ. ಅಂದರೆ ದೇವರ ಬೆನ್ನಿಗೆ.

ಅಮ್ಮನಿಗೆ ಹೇಳುವುದು ಹೇಗೆ ಎಂದು ಒಂದು ಲೋಟ ಕಾಫಿ ಪೂರ್ತಿ ಯೋಚಿಸಿದೆ. ಪ್ರತಿಷ್ಠೆ ಮಾಡಿ ಕೂರಿಸಿದ ದೇವರನ್ನು ಎಬ್ಬಿಸಿ ಹಿಂದಿನ ಗೋಡೆ ಕೊಯ್ಯಬೇಕು, ಅದೂ ನನ್ನ ಅನುಮಾನದ ಮೇಲೆ. ಅಲ್ಲಿ ಏನೂ ಸಿಗದಿದ್ದರೆ ನಾನು ಆ ಮನೆಗೆ ಎರಡನೇ ಸಲ ಕೇಡು ಮಾಡಿದಂತಾಗುತ್ತದೆ. ಹೇಳಿದೆ. ಅವರು ಸೊಸೆಗೆ ಬುಧವಾರ ರಜ ಹಾಕು ಎಂದರು.

ಬುಧವಾರ ನಾನು ಹೋಗುವಷ್ಟರಲ್ಲಿ ಹಾಲಿನಲ್ಲಿ ರಂಗೋಲಿ ಬಿಟ್ಟು ಮಣೆ ಹಾಕಿದ್ದರು. ಅಮ್ಮ ತಾವೇ ಒಂದೊಂದಾಗಿ ವಿಗ್ರಹ, ಪಟ, ಕಳಶ ತಂದು ಕೂರಿಸಿದರು. ‘ಇವತ್ತೊಂದು ದಿನ ಇಲ್ಲಿರಪ್ಪ,’ ಎಂದು ವೆಂಕಟರಮಣನ ಪಟಕ್ಕೆ ಹೇಳಿದರು. ‘ನಿನ್ನ ಬೆನ್ನಿಂದೆ ಏನೋ ಐತಂತೆ.’

ಗೋಡೆ ತಟ್ಟಿ ಒಳಗಿನ ಮರದ ಕಂಬಗಳನ್ನು ಗುರುತು ಮಾಡಿಕೊಂಡೆ. ನೆಲದಿಂದ ಹದಿನಾರು ಇಂಚು ಮೇಲೆ ತಂತಿಯ ತುದಿ ಇಟ್ಟಿದ್ದ ನನ್ನ ಪೆಟ್ಟಿಗೆ ಇತ್ತು ಎಂದು ನೆನಪು. ಅಲ್ಲಿ ಅಂಗೈಯಗಲ ಡ್ರೈವಾಲ್ ಕೊಯ್ದೆ. ಹಳೇ ಪೆಟ್ಟಿಗೆಯೇ ಇರಲಿಲ್ಲ, ಕಿತ್ತುಹಾಕಿದ್ದರು. ಕೈ ಹಾಕಿದರೆ ಬರೀ ಹತ್ತಿಯಂಥ ಇನ್ಸುಲೇಶನ್. ಇನ್ನಷ್ಟು ಕೊಯ್ದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಆಮೇಲೆ ಬೆರಳಿಗೆ ಅಂಟಂಟಾಗಿ ಏನೋ ಸಿಕ್ಕಿತು. ಹೊರಗೆಳೆದೆ.

ಕರಿ ಟೇಪು ಸುತ್ತಿದ ಒಂದು ಗಂಟು. ಈ ಕಡೆ ನನ್ನ ದಪ್ಪ ತಂತಿ, ಕುತ್ತಿಗೆಗೆ ನನ್ನ ಬಿಳಿ ಟೇಪು. ಆ ಕಡೆ ಬೂದು ಬಣ್ಣದ ಸಣ್ಣ ತಂತಿ, ಹದಿನಾರು ಗೇಜು. ಪೆಟ್ಟಿಗೆ ಇಲ್ಲ, ಬೆಸುಗೆ ಇಲ್ಲ, ಕೈಯಲ್ಲಿ ತಿರುಚಿ ಸುತ್ತಿದ್ದು. ಕರಿ ಟೇಪು ಬಿಡಿಸಿದರೆ ಹೋಗುವ ಎಳೆಯ ಕೂದಲಿನಂಥ ಎರಡು ತಂತುಗಳು ಬರುವ ಎಳೆಯ ಮೇಲೆ ಒರಗಿದ್ದವು. ದನಿ ಜೋರಾದಾಗ ಗೋಡೆ ನಡುಗಿ ಅವು ತಾಗುತ್ತಿದ್ದವು, ಆಂಪ್ಲಿಫೈಯರು ತನ್ನನ್ನು ತಾನು ಉಳಿಸಿಕೊಳ್ಳಲು ಆಫ್ ಆಗುತ್ತಿತ್ತು. ಬೂದು ತಂತಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಗೋಡೆಯೊಳಗೆ ಹಾಕಬಹುದಾದ ಕವಚವೂ ಅದಕ್ಕಿರಲಿಲ್ಲ. ಮೀಟರು ಹಿಡಿದೆ. ನನ್ನ ಅರವತ್ತೆರಡು ಅಡಿ: ಸೊನ್ನೆ ಪಾಯಿಂಟ್ ಎರಡು, ನಾನು ಹಾಕಿದ ದಿನ ಎಷ್ಟಿತ್ತೋ ಅಷ್ಟೇ. ಉಳಿದದ್ದೆಲ್ಲ ಆ ಬೂದು ತಂತಿಯದ್ದು, ಆ ಗಂಟಿನದ್ದು.

ಅಮ್ಮ ಕನ್ನಡಕ ಹಾಕಿಕೊಂಡು ಟೇಪಿನ ಮೇಲಿನ ಅಂಕಿ ಓದಿದರು. ‘ಅರವತ್ತೆರಡು. ಅವತ್ತು ಆಯಪ್ಪ ತೋರ್ಸಿದ್ದು ಇದ್ರದ್ದೇ ಇನ್ನೊಂದು ತುದಿ.’

ನಾನು ಹೂಂ ಎಂದೆ. ನನಗೆ ಅಳು ಬರಲಿಲ್ಲ. ಹಸಿವಾಯಿತು.

ಸೊಸೆ ಆಗಲೇ ಫೋನು ತೆಗೆದಿದ್ದಳು. ಫೋಟೋ ತೆಗೆದು ಕನ್ನಡದವರ ಗುಂಪಿಗೆ ಹಾಕಿಬಿಡುತ್ತೇನೆ ಅಕ್ಕ, ಇವತ್ತೇ ಎಲ್ಲರಿಗೂ ಗೊತ್ತಾಗಲಿ ಎಂದಳು. ನಾನು ಅವಳ ಕೈ ಹಿಡಿದೆ. ಆ ಗಳಿಗೆಯಲ್ಲಿ ಮಾಡಿದ ತೀರ್ಮಾನವೇ ಈ ಕಥೆಯ ಬೆನ್ನೆಲುಬು. ಫೋಟೋಗೆ ಅವರು ಹತ್ತು ಉತ್ತರ ಕೊಡುತ್ತಾರೆ. ಯಾವ ಮನೆಯ ಗೋಡೆ, ಯಾರು ತೆಗೆದದ್ದು, ನಡುವೆ ಯಾರು ಕೈ ಹಾಕಿದರು ಎನ್ನುತ್ತಾರೆ.

‘ಅವರು ಬಾಯಲ್ಲಿ ಹೇಳಿದ್ದು. ಬಾಯಲ್ಲೇ ವಾಪಸ್ ತಗೋಬೇಕು,’ ಎಂದೆ. ‘ಶುಕ್ರವಾರ ಅವರು ಬರೋವರೆಗೂ ಈ ಗಂಟು ಹೀಗೇ ಇರಲಿ. ತೂತೂ ಹೀಗೇ ಇರಲಿ. ನನಗೆ ಇಷ್ಟು ನಡೆಸಿಕೊಡಿ.’

ಸೊಸೆ ಅತ್ತೆಯ ಮುಖ ನೋಡಿದಳು. ದೇವರು ಇನ್ನೂ ಎರಡು ದಿನ ಹಾಲಿನಲ್ಲಿ ಮಣೆಯ ಮೇಲೆ ಕೂರಬೇಕಿತ್ತು, ನನ್ನ ಹಟಕ್ಕೆ.

‘ಇರ್ಲಿ ಬಿಡು,’ ಎಂದರು ಅಮ್ಮ. ‘ಆತನೂ ನೋಡ್ಲಿ.’

ಆಂಪ್ಲಿಫೈಯರಿನ ಪ್ಲಗ್ಗು ಕಿತ್ತಿಟ್ಟು ಹೊಸ ತಂತಿಯ ಕೆಲಸಕ್ಕೆ ಇಳಿದೆ. ಗೋಡೆಗುಂಟ ಸುತ್ತಿ ಬರುವ ಬದಲು ನೆಲದಡಿಯ ಕ್ರಾಲ್‌ಸ್ಪೇಸಿನಲ್ಲಿ ಮೂಲೆಯಿಂದ ಮೂಲೆಗೆ ನೇರ ಹೋದರೆ ತೊಂಬತ್ತೈದು ಅಡಿಗೆ ಮುಗಿಯುತ್ತದೆ. ಹತ್ತು ಗೇಜು, ಅಪ್ಪಟ ತಾಮ್ರ. ಶುರುಮಾಡುವ ಮೊದಲೇ ಒಂದೆಳೆ ಕೆರೆದು ನೋಡಿದೆ, ಒಳಗೂ ಕೆಂಪು. ಮೊಣಕೈ ಊರಿಕೊಂಡು, ಜೇಡದ ಬಲೆ ಬಾಯಿಗೆ ಸಿಕ್ಕುತ್ತ, ಅಂಗಾತ ಮಲಗಿ ತೊಲೆಗೆ ಕ್ಲಿಪ್ಪು ಹೊಡೆಯುತ್ತ ಹೋದೆ. ಕ್ಲಿಪ್ಪು ತಂತಿಯನ್ನು ಹಿಡಿದಿರಬೇಕು, ಅದುಮಬಾರದು. ಮನೆಯ ಕರೆಂಟಿನ ತಂತಿ ಎದುರಾದ ಕಡೆ ಅದರ ಜೊತೆ ಜೊತೆಗೆ ಓಡಿಸದೆ ಅಡ್ಡಕ್ಕೆ ದಾಟಿಸಿದೆ. ಎಡ ಒಂದು, ಬಲ ಒಂದು. ಬುಧವಾರ ಎಡ, ಗುರುವಾರ ಬಲ. ಅಳೆದರೆ ಎರಡೂ ಸೊನ್ನೆ ಪಾಯಿಂಟ್ ಒಂದು ಒಂಬತ್ತು. ನಾಲ್ಕು ತುದಿಗೂ ಬಿಳಿ ಟೇಪು ಸುತ್ತಿ ‘೯೫’ ಎಂದು ಬರೆದೆ, ಎಂದಿಗಿಂತ ದೊಡ್ಡದಾಗಿ.

ಶುಕ್ರವಾರ ಹತ್ತು ಗಂಟೆಗೆ ಹೆಂಗಸರು ಬಂದರು. ಗೃಹಪ್ರವೇಶದ ಪಂಕ್ತಿಯಲ್ಲಿದ್ದವರೇ ಹೆಚ್ಚು. ಗ್ರಾಸರಿಯಲ್ಲಿ ಕೇಳಿದ್ದ ಆಕೆಯೂ ಇದ್ದರು. ನನ್ನನ್ನು ಕಂಡು ಸ್ವಲ್ಪ ಗುಸುಗುಸು ಆಯಿತು. ಅಮ್ಮ ಎಲ್ಲರಿಗೂ ಕುಂಕುಮ ಕೊಟ್ಟರು. ಹನ್ನೊಂದಕ್ಕೆ ಯಜಮಾನರು ಆಂಪ್ಲಿಫೈಯರಿನ ದೊಡ್ಡ ಡಬ್ಬ ಉರುಳಿಸಿಕೊಂಡು ಒಳಗೆ ಬಂದವರು ನನ್ನನ್ನು ನೋಡಿ ಅರೆ ಗಳಿಗೆ ನಿಂತು, ಆಮೇಲೆ ನಕ್ಕರು. ಚೆನ್ನಾಗಿದೀರೇನಮ್ಮ ಎಂದು ಕೇಳಿದರು. ಚೆನ್ನಾಗಿದ್ದೇನೆ ಎಂದೆ.

ಡಬ್ಬ ಒಡೆಯುವ ಮೊದಲು ಒಂದು ಅಳತೆ ನೋಡಿಬಿಡೋಣ ಎಂದೆ. ನನ್ನ ಮೀಟರು ಬೇಡ, ನಿಮ್ಮದೇ ತನ್ನಿ. ಅವರು ಕಾರಿಗೆ ಹೋಗಿ ತಂದರು. ಅಷ್ಟು ಜನರೆದುರು ಇಲ್ಲ ಎನ್ನಲಾಗಲಿಲ್ಲ. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಅಂಕಿ ಓದಲು ಹೇಳಿದೆ, ಓದಿದರು. ಹೊಸ ತಂತಿಗೆ ಹಿಡಿಯಲು ಹೇಳಿದೆ. ಓದಿದರು. ಹಳೆಯದಕ್ಕೆ ಹಿಡಿದರು. ಈ ಸಲ ಓದಲಿಲ್ಲ. ಮನೆಯೊಡತಿ ಬಗ್ಗಿ ನೋಡಿ ತಾನೇ ಗಟ್ಟಿಯಾಗಿ ಓದಿದಳು.

‘ಕೇಬಲ್ ಹಳೇದಾಗಿದೆ, ಅದಕ್ಕೇ,’ ಎಂದರು.

‘ಎಲ್ಲಿ ಹಳೇದಾಗಿದೆ ನೋಡೋಣ ಬನ್ನಿ ಸಾರ್.’

ದೇವರ ಮನೆಗೆ ನಡೆದೆ. ಅವರು ಹಿಂದೆ, ಅವರ ಹಿಂದೆ ಹೆಂಗಸರೆಲ್ಲ. ಖಾಲಿ ದೇವರ ಮನೆ, ಗೋಡೆಯಲ್ಲಿ ತೂತು, ತೂತಿನಿಂದ ನೇತಾಡುವ ಗಂಟು. ಒಂದು ಕಡೆ ಬಿಳಿ ಟೇಪು, ನನ್ನ ಅಂಕಿ. ಇನ್ನೊಂದು ಕಡೆ ಬೂದು ತಂತಿ. ನಾನು ಬ್ಲೇಡು ಅವರ ಕೈಗೆ ಕೊಟ್ಟೆ, ಕೆರೆದು ನೋಡಿ ಎಂದೆ. ಅವರು ಕೆರೆಯಲಿಲ್ಲ. ಬಾಗಿಲು ತುಂಬ ನಿಂತಿದ್ದ ಹೆಂಗಸರತ್ತ ತಿರುಗಿ ನೋಡಿದರು. ಕನಿಕರ ಬರಬೇಕಿತ್ತು ನನಗೆ, ಬರಲಿಲ್ಲ. ಕನಿಕರ ಎಂಬ ಮಾತನ್ನು ಅವರು ಆ ದಿನವೇ ಖರ್ಚು ಮಾಡಿಬಿಟ್ಟಿದ್ದರು.

‘ಇದು ನಮ್ಮ ಕಡೆಯವರು ಮಾಡಿರೋದು. ನನಗೆ ಹೇಳಿಲ್ಲ,’ ಎಂದರು.

‘ನಾನು ಮಾಡಿದ್ದನ್ನ ನನ್ನ ಹೆಸರು ಹಿಡಿದು ಹೇಳಿದ್ರಿ ಸಾರ್. ಇದನ್ನ ಯಾರ ಹೆಸರು ಹಿಡಿದು ಹೇಳ್ತೀರಿ?’

ಅವರು ಮನೆಯೊಡತಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಸಂವಹನದಲ್ಲಿ ಏನೋ ಕೊರತೆಯಾಗಿದೆ, ಅದರ ಬಗ್ಗೆ ವಿಷಾದವಿದೆ ಎಂಬಂತೆ ನಯವಾದ, ಆಫೀಸಿನ ಇಂಗ್ಲಿಷು. ಹಿಂದಿನಿಂದ ಅಮ್ಮ ತಡೆದರು.

‘ಕನ್ನಡದಾಗೆ ಹೇಳಪ್ಪ. ಅವತ್ತು ಕನ್ನಡದಾಗೇ ಹೇಳಿದ್ದೆ.’

ಒಬ್ಬಾಕೆಯ ಬಳೆ ಒಮ್ಮೆ ಸದ್ದು ಮಾಡಿತು. ಅವರು ನನ್ನನ್ನು ನೋಡಲಿಲ್ಲ, ಗೋಡೆಯ ತೂತನ್ನೇ ನೋಡುತ್ತ ಹೇಳಿದರು.

‘ತಪ್ಪು ಇವರದ್ದಲ್ಲ. ಇವರ ಕೆಲಸ ಸರಿಯಾಗೇ ಇತ್ತು. ಒಂದೇ ಎಳೆ ಹಾಕಿ ಅಂತ ಇವರು ಹೇಳಿದ್ರು, ನಾವು ಹಾಕಲಿಲ್ಲ. ದಿನ ಹತ್ತಿರ ಬಂದಿತ್ತು, ಇದ್ದದ್ದನ್ನ ಗಂಟು ಹಾಕಿದ್ವಿ.’

‘ಗೊತ್ತಿತ್ತಾ ನಿಮಗೆ?’ ಎಂದು ಕೇಳಿದೆ.

‘ಗೊತ್ತಿತ್ತು,’ ಎಂದರು.

ಗ್ರಾಸರಿಯ ಆಕೆ ತಲೆ ತಗ್ಗಿಸಿದರು. ನಾನು ಅದನ್ನೂ ಬಿಡದೆ ನೋಡಿದೆ.

ಹಳೇ ಆಂಪ್ಲಿಫೈಯರಿಗೇ ಹೊಸ ತಂತಿ ಜೋಡಿಸಿದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎರಡು ಸಲ ನೋಡಿ. ಪಾಠ ಹಾಕಿದರು. ತಂಬೂರಿ ತುಂಬಿಕೊಂಡಿತು, ಮೃದಂಗದ ಎಡಗೈ ಬಿದ್ದು ಅಲ್ಲೇ ನಿಂತಿತು. ಜೋರು ಮಾಡಿದರು. ಇನ್ನೂ ಜೋರು ಮಾಡಿದರು. ಆಫ್ ಆಗಲಿಲ್ಲ. ದೊಡ್ಡ ಆಂಪ್ಲಿಫೈಯರಿನ ಡಬ್ಬ ಬಾಗಿಲ ಬಳಿ ಒಡೆಯದೆ ನಿಂತಿತ್ತು. ಹೊಳೆಯುವ ಹಾವುಗಳೆರಡನ್ನೂ ಸುರುಳಿ ಸುತ್ತಿ ಅದರ ಮೇಲಿಟ್ಟೆ.

ಯಜಮಾನರು ಹೊರಡಲು ತಿರುಗಿದರು. ಎರಡು ಗಂಟೆಗೆ ಇನ್ನೊಬ್ಬ ಗಿರಾಕಿ ಇದ್ದಾರೆ ಎಂದರು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಊಟದ ಹೊತ್ತಿಗೆ ಬಂದವರು ಹಾಗೇ ಹೋಗುವುದುಂಟೇ ಎಂದರು, ಗದರಿದಂತೆಯೂ ಅಲ್ಲ, ಕರೆದಂತೆಯೂ ಅಲ್ಲ. ಮೇಜು ಹಾಕಿಯಾಗಿತ್ತು. ಈ ಸಲ ಕಾಗದದ ಎಲೆಯಲ್ಲ. ಎಲ್ಲಿಂದಲೋ ನಿಜವಾದ ಬಾಳೆ ಎಲೆ ತರಿಸಿದ್ದರು. ಅವರನ್ನು ನನ್ನ ಎದುರಿಗೇ ಕೂರಿಸಿದರು. ನನ್ನ ಎಲೆಗೆ ಮೊದಲು ಬಿದ್ದದ್ದು ಒಬ್ಬಟ್ಟು, ಅದರ ಮೇಲೆ ತುಪ್ಪ.

ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯದೆ ಇನ್ನೊಬ್ಬರು ಏಳುವಂತಿಲ್ಲ. ಆ ಮನೆಯಲ್ಲಿ ಒಮ್ಮೆ ಆ ಮರ್ಯಾದೆ ಮುರಿದವಳು ನಾನೇ. ಈಗ ಅದನ್ನು ಚೆನ್ನಾಗಿ ಪಾಲಿಸಬೇಕೆಂದುಕೊಂಡೆ. ಒಬ್ಬಟ್ಟನ್ನು ಸಣ್ಣ ಸಣ್ಣ ಚೂರು ಮಾಡಿ ತಿಂದೆ. ಪಲ್ಯ ತಿಂದೆ. ಸಾರಿಗೆ ಅನ್ನ ಕಲಸಿ, ನಡುವೆ ಗುಂಡಿ ಮಾಡಿ, ಇನ್ನಷ್ಟು ಸಾರು ಹಾಕಿಸಿಕೊಂಡೆ. ಅವರ ಎಲೆ ಖಾಲಿಯಾಗಿ ಹತ್ತು ನಿಮಿಷವಾಗಿತ್ತು. ಎಲೆಯ ಪಕ್ಕ ಅಂಗಾತ ಇಟ್ಟಿದ್ದ ಫೋನು ಆಗಾಗ ಗುರ್ ಎನ್ನುತ್ತಿತ್ತು. ಎಂಜಲು ಕೈ, ಎತ್ತುವಂತಿರಲಿಲ್ಲ. ಮುಂದಕ್ಕೆ ಬಗ್ಗಿ, ಪಕ್ಕದವರಿಗೆ ಕೇಳಿಸದಂತೆ ಹೇಳಿದರು.

‘ನನಗೆ ಫೋನಲ್ಲೇ ಹೇಳಬಹುದಿತ್ತಲ್ಲಮ್ಮ. ಇಷ್ಟು ಜನರ ಎದುರಿಗೆ ಬೇಕಿತ್ತಾ?’

‘ನೀವೂ ಅವತ್ತು ಫೋನಲ್ಲೇ ಹೇಳಬಹುದಿತ್ತು ಸಾರ್.’

ಅವರು ಹಿಂದಕ್ಕೆ ಒರಗಿ ಗೋಡೆಯ ಗಡಿಯಾರ ನೋಡಿದರು. ಎರಡೂವರೆ. ಅಮ್ಮ ಮಜ್ಜಿಗೆಯ ಪಾತ್ರೆ ಹಿಡಿದು ನನ್ನ ಪಕ್ಕ ಬಂದು ನಿಂತರು. ಸಾಕಾ ಮಗ, ಎಂದು ಕೇಳಿದರು.

‘ಇಲ್ಲಮ್ಮ,’ ಎಂದೆ. ‘ಇನ್ನೂ ಸ್ವಲ್ಪ ಅನ್ನ ಹಾಕಿ.’